ಕಾಲೇಜಿನ ಕಡೆಯ ನೀಲಕ್ಕಾರು

ನೀಲಕ್ಕಾರು ಯಾರ ಮನೆಗೆ ಹೋದರೂ ಬಗಲಲ್ಲಿ ಒಂದು ಚೀಲ ಶೇಂಗಾ ಇದ್ದೇ ಇರುತ್ತಿತ್ತು. ತಿನ್ನುವುದಕ್ಕಲ್ಲ, ಮುಂಗಾರಿಗೆ ಬಿತ್ತಲು ತೆಗೆದಿಟ್ಟ ಒಣಗಿದ ಕಾಯಿ. ಯಂತ್ರಕ್ಕೆ ಹಾಕಿದರೆ ಬೀಜ ಒಡೆಯುತ್ತದೆಂದು ಯರಗಟ್ಟಿಯ ಅವರ ಮನೆಯಲ್ಲಿ ಬೇಸಿಗೆಯಿಡೀ ಕೈಯಲ್ಲೇ ಸುಲಿಯುತ್ತಿದ್ದರು. ಆ ಕೆಲಸವನ್ನು ಈ ಹೆಣ್ಣುಮಗಳು ಬಸ್ಸಿನಲ್ಲೂ ಮಾಡುತ್ತಿದ್ದರು, ಮದುವೆ ಮನೆಯಲ್ಲೂ ಮಾಡುತ್ತಿದ್ದರು. ಮಾತಿಗೆ ಕೂತವರ ಮುಂದೆಯೂ ಕೇಳದೆ ಒಂದು ಬೊಗಸೆ ಸುರಿದುಬಿಡುವರು. "ಸುಮ್ನ ಕುಂತ್ರ ಮಂದಿ ಸುಳ್ಳು ಹೇಳತಾರ. ಕೈ ಆಡ್ಲಿ," ಎನ್ನುವರು.

ನನ್ನ ಮುಂದೆಯೂ ಸುರಿದರು. ಆದರೆ ಅದಕ್ಕೂ ಮೊದಲು ನಮ್ಮ ಮನೆಯಲ್ಲಾದ ಫಜೀತಿಯನ್ನು ಹೇಳಬೇಕು.

ತೊಂಬತ್ತರ ದಶಕದ ನಡುವಿನ ಮಾತು. ನಾನು ಸವದತ್ತಿಯಲ್ಲಿ ಪಿಯುಸಿ ಪರೀಕ್ಷೆ ಬರೆದು ಕೂತಿದ್ದೆ. ದೂರದ ಒಂದು ಹೆಣ್ಣುಮಕ್ಕಳ ವಸತಿ ಕಾಲೇಜಿನಲ್ಲಿ, ಫಲಿತಾಂಶ ಬರುವ ಮೊದಲೇ, ನಮ್ಮಂಥ ಊರುಗಳ ಹುಡುಗಿಯರಿಗೆಂದು ಕೆಲವು ಸೀಟು ಕೊಡುತ್ತಿದ್ದರು. ಅಲ್ಲಿ ಓದಿಹೋದ ಹಳೆಯ ವಿದ್ಯಾರ್ಥಿನಿಯೊಬ್ಬರು ಹುಡುಗಿಯ ಮನೆಗೇ ಬಂದು ಮಾತಾಡಿಸಿ ಹೋಗಬೇಕು. ಅವರ ಅಭಿಪ್ರಾಯ ಕೇಳಿ ಕಾಲೇಜಿನವರ ತೀರ್ಮಾನ. ನಮ್ಮ ಭಾಗಕ್ಕೆ ಆ ಹಳೆಯ ವಿದ್ಯಾರ್ಥಿನಿ ನೀಲಕ್ಕಾರು. ಇತ್ತ ರಾಮದುರ್ಗದಿಂದ ನನಗೊಂದು ಸಂಬಂಧವೂ ಬಂದಿತ್ತು. ಕಾಳಿನ ವ್ಯಾಪಾರ ಮಾಡುವ ಅಪ್ಪ ಎರಡೂ ಕಡೆ ಕಾಲಿಟ್ಟಿದ್ದ: "ಕಾಲೇಜಿನವರು ಮದಲ ಹೂಂ ಅಂದ್ರ ಓದ್ಲಿ. ಇಲ್ಲಾಂದ್ರ ರಾಮದುರ್ಗದವರು ಬಂದು ನೋಡ್ಲಿ." ಅವರು ಬಂದು ನೋಡಿದರೆ ನನ್ನ ಓದು ಅಲ್ಲಿಗೆ ಮುಗಿದಂತೆಯೇ.

ಒಂದು ಬೆಳಿಗ್ಗೆ ಅಪ್ಪ ಅಂಗಡಿಗೆ ಹೊರಡುವ ಗಡಿಬಿಡಿಯಲ್ಲಿ, ಯರಗಟ್ಟಿಯಿಂದ ಒಬ್ಬ ಹೆಣ್ಣುಮಗಳು ನನ್ನ ಕೂಡ ಮಾತಾಡಲು ಬರುತ್ತಾರೆಂದು ಆಯಿಗೆ ಹೇಳಿಹೋದ. ಆಯಿ ಎಂದರೆ ಅಪ್ಪನ ತಾಯಿ. ಮದುವೆ ವಯಸ್ಸಿನ ಹುಡುಗಿಯ ಮನೆಗೆ ಪರಊರಿನ ಹೆಣ್ಣುಮಗಳು ಯಾಕೆ ಬರುತ್ತಾಳೆಂಬುದಕ್ಕೆ ಆಯಿಗೆ ಗೊತ್ತಿದ್ದ ಕಾರಣ ಒಂದೇ. ಜಮಖಾನೆ ಹಾಸಿದಳು, ಉಪ್ಪಿಟ್ಟು ಸಿರಾ ಮಾಡಿಸಿದಳು, ಅವ್ವನ ಇಳಕಲ್ ಸೀರೆಯನ್ನು ನನಗೆ ಸುತ್ತಿಸಿದಳು.

"ಆಯಿ, ಅವರು ಕಾಲೇಜಿನವರು!" ಎಂದೆ.

"ಕಾಲೇಜಿನವರಿಗೆ ಮನೀಗೆ ಬರೂದೇನೈತಿ? ತಲಿ ಬಗ್ಗಿಸಿ ಕುಂದರು."

ನೀಲಕ್ಕಾರು ಬಂದರು. ಎತ್ತರದ ಆಳು, ಹಣೆಯಲ್ಲಿ ವಿಭೂತಿ, ಬಳೆಗಳ ಹಿಂದೆ ಗಂಡಸರ ಕೈಗಡಿಯಾರ. ಜಮಖಾನೆ ನೋಡಿದರು, ಸಿರಾದ ತಟ್ಟೆ ನೋಡಿದರು, ಸೀರೆಯೊಳಗೆ ಬೆವರುತ್ತಿದ್ದ ನನ್ನನ್ನು ನೋಡಿದರು. ಅವರಿಗೆ ಎಲ್ಲ ತಿಳಿದುಹೋಯಿತು. ನಗು ತಡೆದುಕೊಂಡು ಕೂತರು.

"ಹುಡುಗ ಏನ ಮಾಡತಾನ್ರಿ?" ಆಯಿ ಶುರುಮಾಡಿದಳು.

"ಹುಡುಗ ಇಲ್ರಿ ಆಯಿ. ನಾವು ಕಾಲೇಜಿನ ಕಡಿಯವರು."

"ಇರ್ಲಿ ಬಿಡ್ರಿ. ಹೊಲಾ ಎಷ್ಟೈತಿ?"

"ಕಾಲೇಜಿಗೆ ಹೊಲಾನೂ ಐತ್ರಿ. ಬಾವಿ ಐತಿ, ನೀರಾವರಿ."

ಆಯಿಯ ಮುಖ ಅರಳಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆಮೇಲೆ ನೀಲಕ್ಕಾರು ನನ್ನೆದುರು ಶೇಂಗಾ ಸುರಿದು, ಯಾಕೆ ಓದಬೇಕೆಂದು ಕೇಳಿದರು. ನಾನು ಬಾಯಿಪಾಠ ಮಾಡಿಟ್ಟಿದ್ದ ದೇಶಸೇವೆ, ಸಮಾಜದ ಉನ್ನತಿ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ.

"ಇದು ನಿಮ್ಮ ಮಾಸ್ತರ ಮಾತು," ಎಂದು ಇನ್ನೊಂದು ಬೊಗಸೆ ಸುರಿದರು. "ಸುಲಿ. ನಿನ್ನ ಮಾತು ಬರೂತನಕಾ ಸುಲಿ. ನನಗೇನು ಅವಸರಿಲ್ಲ."

ಸುಲಿದೆ. ಬೆರಳ ತುದಿ ಉರಿಯತೊಡಗಿತು. ಸಾಕಾಗಿ, ಸಿಟ್ಟೂ ಬಂದು, ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ: "ನಾ ಇನ್ನೂತನಕಾ ಒಬ್ಬಾಕೀನ ಬಸ್ಸ ಹತ್ತಿಲ್ರಿ. ಅಪ್ಪ ಇಲ್ಲಾ ಕಾಕಾ ಬಾಜೂಕ ಇರಬೇಕು. ಒಬ್ಬಾಕೀನ ಹತ್ತಿ, ನನ್ನ ಕೆಲಸಕ್ಕ ನಾ ಹೋಗಬೇಕು ಅನಸತೈತಿ."

ನೀಲಕ್ಕಾರ ಕೈ ನಿಂತಿತು. ನನ್ನನ್ನೇ ನೋಡಿದರು. ನನ್ನ ಮುಂದಿದ್ದ ಕಾಯಿಗಳನ್ನೆಲ್ಲ ಬಳಿದು ಚೀಲಕ್ಕೆ ಹಾಕಿಕೊಂಡರು. ಕೆಟ್ಟೆ, ಎಲ್ಲ ಹಾಳುಮಾಡಿಕೊಂಡೆ ಎಂದು ನನಗೆ ಅಳು ಬಂತು.

ಆಯಿ ಉಡಿ ತುಂಬಿದಳು. ಏಳುವಾಗ ನೀಲಕ್ಕಾರು ಅವಳ ಕೈ ಹಿಡಿದು, "ಆಯಿ, ನನಗ ಹುಡುಗಿ ಪಸಂದ ಆದ್ಲು. ಆದ್ರ ನಮ್ಮ ಹಿರ್‍ಯಾರನ್ನ ಕೇಳಬೇಕು. ನಮ್ಮ ಜವಾಬು ಬರೂತನಕಾ ಬ್ಯಾರೆದವರಿಗೆ ತೋರಸಬ್ಯಾಡ್ರಿ," ಎಂದರು.

"ಛೇ ಛೇ! ಅದೆಂಥಾ ಮಾತಂತ ಆಡತೀರಿ! ನಾವು ಹಂಗ ಮಾಡೂ ಮಂದಿ ಅಲ್ಲ."

ಕಾಯುವುದು ಶುರುವಾಯಿತು. ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದರೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಎದುರಿನ ಎಸ್‌ಟಿಡಿ ಬೂತಿನಲ್ಲಿ ಫೋನು ಗಣಗಣಿಸಿದರೆ ಕಟ್ಟೆಗೆ ಓಡುತ್ತಿದ್ದೆ. ಕಾಲೇಜಿನಿಂದ ಸುದ್ದಿಯೇ ಇಲ್ಲ. ಅಷ್ಟರಲ್ಲಿ ರಾಮದುರ್ಗದವರು, ಸೋಮವಾರ ಬರುತ್ತೇವೆಂದು ಹೇಳಿ ಕಳಿಸಿದರು. ಅಪ್ಪ ಹೂಂ ಅನ್ನುವುದರಲ್ಲಿದ್ದ, ಆಯಿ ಎದ್ದು ನಿಂತಳು.

"ಒಬ್ಬರು ನೋಡಿ ಹೋಗ್ಯಾರ. ಅವರ ಜವಾಬು ಬರೂಕಿಂತ ಮದಲ ಇನ್ನೊಬ್ಬರನ್ನ ಕರದು ಉಪ್ಪಿಟ್ಟ ಹಾಕತಿಯೇನ? ನಮ್ಮ ಮನಿತನದಾಗ ಇಲ್ಲ ಅದು."

"ಅವ್ವಾ, ಅದು ಕಾಲೇಜು!" ಅಪ್ಪ ತಲೆ ಚಚ್ಚಿಕೊಂಡ.

"ಯಾವುದರ ಇರ್ಲಿ. ನಾ ಮಾತು ಕೊಟ್ಟೇನಿ."

ಆ ಸೋಮವಾರ ರಾಮದುರ್ಗದವರು ಬರಲಿಲ್ಲ. ಮುಂದಿನ ಸೋಮವಾರಕ್ಕೂ ಆಯಿ ಒಪ್ಪಲಿಲ್ಲ. ಅವಳನ್ನು ಕಂಡರೆ ಮೊಟ್ಟಮೊದಲ ಬಾರಿಗೆ ಕಾಲಿಗೆ ಬೀಳಬೇಕೆನ್ನಿಸಿತು. ನೀಲಕ್ಕಾರು ಇದನ್ನೆಲ್ಲ ಬೇಕೆಂದೇ ಮಾಡಿಹೋಗಿದ್ದರೆಂದು ನನ್ನ ಮಂದಬುದ್ಧಿಗೆ ಆಗ ಹೊಳೆಯಿತು.

ಕೊನೆಗೊಂದು ಮಧ್ಯಾಹ್ನ, ಯರಗಟ್ಟಿ ಬಸ್ಸಿಳಿದು ಅವರೇ ಬಂದರು. ಚಪ್ಪಲಿ ಕಳಚುವ ಮೊದಲೇ ಆಯಿಯ ಬಾಯಿಗೆ ಸಕ್ಕರೆ ಹಾಕಿದರು. "ನಮ್ಮ ಹಿರ್‍ಯಾರು ಒಪ್ಪಿದ್ರು ಆಯಿ. ಹುಡುಗಿನ್ನ ಕಳಸ್ರಿ." ಆಯಿ ಸಕ್ಕರೆ ಚಪ್ಪರಿಸುತ್ತ ಕಣ್ಣೊರೆಸಿಕೊಂಡಳು. ನಾನು ಅಡುಗೆಮನೆಯಲ್ಲಿ ಅವ್ವನನ್ನು ತಬ್ಬಿಕೊಂಡು ಕುಣಿದೆ.

ಹೊರಡುವ ದಿನವೂ ಅವರು ಬಸ್ ನಿಲ್ದಾಣಕ್ಕೆ ಬಂದಿದ್ದರು. ಅಪ್ಪ ಟ್ರಂಕು, ಹಾಸಿಗೆ ಎಲ್ಲ ಹತ್ತಿಸಿ ನನ್ನ ಬಾಜೂಕ ಕೂತಿದ್ದ. ನೀಲಕ್ಕಾರು ಕಿಟಕಿಯ ಹತ್ತಿರ ಬಂದು, "ಅಣ್ಣಾರ, ನೀವ ಇಳೀರಿ," ಎಂದರು.

"ಅಲ್ರೀ, ಅಕ್ಕಾರ, ಹುಡುಗಿ..."

"ಆ ಕಡಿ ಇಳಿಸಿಕೊಳ್ಳಾಕ ಕಾಲೇಜಿನವರು ಬಂದಿರತಾರ. ನೀವ ಇಳೀರಿ."

ಅಪ್ಪ ಇಳಿದ. ಬಸ್ಸು ಹೊರಟಿತು. ನನ್ನ ಬಾಜೂಕ ಖಾಲಿ ಜಾಗ. ಅಷ್ಟು ಅಂಜಿಕೆ, ಅಷ್ಟು ಖುಷಿ ಒಟ್ಟಿಗೇ ಆದದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಮುಂದೆ ಬೈಲಹೊಂಗಲದಲ್ಲಿ ಕೆಲಸ ಸಿಕ್ಕಿತು. ಬೇಸಿಗೆ ಬಂದರೆ ಯರಗಟ್ಟಿಗೆ ಹೋಗಿ ಅವರ ಪಡಸಾಲೆಯಲ್ಲಿ ಶೇಂಗಾ ಸುಲಿಯುವುದು ನನ್ನ ಪದ್ಧತಿಯಾಯಿತು. ಹೊಸ್ತಿಲಲ್ಲಿ ನನ್ನನ್ನು ಕಂಡಕೂಡಲೇ ನೀರು ಕೊಡುವ ಮೊದಲು ಅವರ ಪ್ರಶ್ನೆ ಒಂದೇ: "ಒಬ್ಬಾಕೀನ ಬಂದಿಯೇನ?"

"ಹೂಂರಿ."

"ಹಂಗಾರ ಒಳಗ ಬಾ."

ಮದುವೆಯಾದ ಹೊಸದರಲ್ಲಿ ಗಂಡನನ್ನು ಕರೆದುಕೊಂಡು ಹೋದಾಗ ಅವನಿಗೆ ಸಿರಾ ಬಡಿಸಿ, "ಮುಂದಿನ ಸಲ ಆಕಿನ್ನ ಒಬ್ಬಾಕಿನ್ನ ಕಳಸ್ರಿ," ಎಂದಿದ್ದರು. ಅವನು ಇವತ್ತಿಗೂ ಆ ಮಾತು ಹೇಳಿ ನಗುತ್ತಾನೆ.

ಕೆಲವು ವರ್ಷಗಳ ಹಿಂದೆ, ಬಿತ್ತನೆ ಮುಗಿದ ಮೇಲೆ, ಅವರು ತೀರಿಕೊಂಡ ಸುದ್ದಿ ಬಂತು. ಗಂಡ ತಾನೂ ಬರುತ್ತೇನೆಂದ. ಬೇಡ ಅಂದೆ. ಯರಗಟ್ಟಿಯಲ್ಲಿ ಬಸ್ಸಿಳಿದು ಅವರ ಮನೆಗೆ ನಡೆದೆ. ಪಡಸಾಲೆಯ ತುಂಬ ಜನ. ಹೊಸ್ತಿಲಲ್ಲಿ ರೂಢಿಯಂತೆ ನಿಂತೆ. ಯಾರೂ ಏನೂ ಕೇಳಲಿಲ್ಲ.

"ಒಬ್ಬಾಕೀನ ಬಂದೇನ್ರಿ," ಎಂದು ನಾನೇ ಹೇಳಿ ಒಳಗೆ ಹೋದೆ.