ತೊಳೆದರೂ ಹೋಗದ ಅತ್ತರು

ಗಂಧವನ್ನು ಮಣ್ಣಿನ ಗುಣವಾಗಿಸಿ, ಅದನ್ನು ಹೂವಿನೊಳಗೆ ಹಾಯಿಸಿ, ಕೊನೆಗೆ ನನ್ನಂತಹ ಅಲ್ಪಳ ಮೂಗಿನವರೆಗೂ ತಲುಪಿಸಿದ ನಮ್ಮೂರ ವೇಣುಗೋಪಾಲಸ್ವಾಮಿಗೆ ಮೊದಲು ಕೈಮುಗಿಯುತ್ತೇನೆ. ಎಪ್ಪತ್ತು ದಾಟಿದ ಮೇಲೂ ಆ ಮೂಗು ಮಂಕಾಗದೆ ಉಳಿದಿರುವುದು ಅವನ ಕೃಪೆ. ಅದು ಉಳಿದದ್ದರಿಂದಲೇ ಒಂದು ಹಳೆಯ ಬೇಗುದಿಯೂ ಉಳಿದಿದೆ. ಅದಕ್ಕೂ ಅವನಿಗೆ ವಂದನೆ ಹೇಳಬೇಕೋ ಏನೋ, ಇನ್ನೂ ತೀರ್ಮಾನವಾಗಿಲ್ಲ.

ಆ ದಿನಗಳಲ್ಲಿ ದೊಡ್ಡಬಳ್ಳಾಪುರದ ಕಡೆಯ ಮಧುರೆಯ ಸುತ್ತಿನ ನಮ್ಮ ಹಳ್ಳಿಯಲ್ಲಿ ಧನುರ್ಮಾಸವೆಂದರೆ ಮೂರು ವಾಸನೆಗಳು. ಮಂಜಿನಲ್ಲಿ ನೆನೆದ ಅವರೆ ಹೊಲದ ಸೊಗಡು, ದೇವಸ್ಥಾನದ ಹಿಂದಿನ ಒಲೆಯ ಮೇಲೆ ಬೇಯುವ ಹುಗ್ಗಿಯ ಮೆಣಸು ತುಪ್ಪದ ಘಮ, ಗರ್ಭಗುಡಿಯಿಂದ ತೆವಳಿ ಬರುವ ಸಾಂಬ್ರಾಣಿಯ ಹೊಗೆ. ನಮ್ಮ ತಾತ ಆ ಗುಡಿಯ ಅರ್ಚಕರು. ನನಗಾಗ ಹನ್ನೆರಡು ವರ್ಷ. ಮಾಸವಿಡೀ ಬೆಳಗಿನ ಜಾವ ಸ್ವಾಮಿಗೆ ಮಾಲೆ ಕಟ್ಟುವ ಕೆಲಸ ಆ ವರ್ಷ ನನ್ನದಾಗಿತ್ತು. ಕೊನೆಯ ದಿನ ಕೊರಳಿನಿಂದ ಪಾದದವರೆಗೆ ಇಳಿಯುವ ದೊಡ್ಡ ಮಾಲೆ. ಅದನ್ನು ಮನೆಯ ಹೆಣ್ಣುಮಗುವೊಂದು ಒಬ್ಬಳೇ ಕಟ್ಟಬೇಕು. ದೊಡ್ಡವಳಾದ ಮೇಲೆ ಕಟ್ಟುವಂತಿಲ್ಲ. ಆ ಮಾಲೆಗಾಗಿಯೇ ನಾನು ಇಪ್ಪತ್ತೈದು ದಿನ ಚಳಿಯಲ್ಲಿ ತಣ್ಣೀರು ಸುರಿದುಕೊಂಡಿದ್ದೆ.

ಕಟ್ಟುವಾಗ ಮೂಗಿಗೆ ಒಗೆದ ಬಟ್ಟೆ ಬಿಗಿದುಕೊಳ್ಳಬೇಕಿತ್ತು. ಸ್ವಾಮಿಗಿಂತ ಮೊದಲು ಹೂವಿನ ಘಮವನ್ನು ಯಾರೂ ಉಣ್ಣಬಾರದು. ಸೇವಂತಿಗೆ, ಕಾಕಡ, ಮರುಗ ಎಲ್ಲವೂ ತೊಡೆಯ ಮೇಲೆಯೇ ಇದ್ದರೂ ಒಂದನ್ನೂ ಮೂಸದೆ ಕಟ್ಟುವ ಆ ಬಿಗಿ ನನಗೆ ಇಷ್ಟವಾಗಿತ್ತು.

ಮಾಸ ಮುಗಿಯಲು ಐದು ದಿನವಿರುವಾಗ ದೊಡ್ಡಬಳ್ಳಾಪುರದಿಂದ ಅತ್ತರು ಸಾಬರು ಸೈಕಲ್ಲಿನಲ್ಲಿ ಬಂದರು. ಪ್ರತಿವರ್ಷ ಗುಡಿಗೆ ಸಾಂಬ್ರಾಣಿ ತಂದುಕೊಡುತ್ತಿದ್ದವರು ಅವರೇ. ಕೊನೆಯ ದಿನದ ಅಲಂಕಾರಕ್ಕೆಂದು ಬೆರಳುದ್ದದ ಒಂದು ಸೀಸೆ ಅತ್ತರನ್ನೂ ತರುತ್ತಿದ್ದರು. ನಮ್ಮ ಜಗಲಿಯಲ್ಲಿ ಕುಳಿತು ಮರದ ಪೆಟ್ಟಿಗೆ ತೆರೆದಾಗ ನಾನು ಕಂಬ ಹಿಡಿದು ನಿಂತಿದ್ದೆ.

"ಇದ್ರಲ್ಲಿ ಏನೇನು ಹಾಕಿದೀರ ಸಾಬ್ರೇ?"

"ಮಲ್ಲಿಗೆ ಐತೆ, ಸಂಪಿಗೆ ಐತೆ, ಕೆಳಗೆ ಲೋಬಾನ ಐತೆ, ಅದೇ ನಿಮ್ಮ ಸಾಂಬ್ರಾಣಿ. ಮೊದ್ಲು ಹೂವು ಮಾತಾಡ್ತದೆ ಬೇಟಿ, ಆಮೇಲೆ ಹೊಗೆ."

"ಎಷ್ಟು ದಿನ ಇರತ್ತೆ?"

"ನೀನು ಮರ್ತ್ರೂ ಇದು ನಿನ್ನ ಮರೆಯಲ್ಲ" ಎಂದು ನಕ್ಕು, ಹತ್ತಿಯ ಚೂರೊಂದನ್ನು ಸೀಸೆಯ ಬಾಯಿಗೆ ಒತ್ತಿ ನನ್ನ ಅಂಗೈಗೆ ಹಾಕಿದರು. "ಕಿವಿ ಹಿಂದೆ ಇಟ್ಕೊ."

ಇಟ್ಟುಕೊಂಡೆ. ಮೊದಲ ಗಳಿಗೆಯಲ್ಲಿ ಮಲ್ಲಿಗೆ ಎಷ್ಟು ದಟ್ಟವಾಗಿ ಬಂದಿತೆಂದರೆ ಬೇರೆ ಯಾರೋ ದೊಡ್ಡ ಹೆಂಗಸು ನನ್ನ ಪಕ್ಕದಲ್ಲಿ ನಡೆಯುತ್ತಿದ್ದಂತೆ ಅನ್ನಿಸಿತು. ದೀಪ ಹಚ್ಚುವ ಹೊತ್ತಿಗೆ ಮಲ್ಲಿಗೆ ಹಿಂದೆ ಸರಿದು ಸಂಪಿಗೆಯ ಕಾವು ಬಂತು. ಮಲಗುವಾಗ, ಸಾಬರು ಹೇಳಿದಂತೆಯೇ, ಎಲ್ಲದರ ಅಡಿಯಿಂದ ಹೊಗೆ ಎದ್ದಿತು. ಗರ್ಭಗುಡಿಯ ಗೋಡೆಗೆ ಕೆನ್ನೆಯಿಟ್ಟು ಮಲಗಿದಂತಿತ್ತು. ಅದು ತಪ್ಪೆಂದು ನನಗೆ ಕಿಂಚಿತ್ತೂ ಹೊಳೆಯಲಿಲ್ಲ.

ಮರುದಿನ ಜಾವದಲ್ಲಿ ಹೂಬುಟ್ಟಿ ಹಿಡಿದು ಗುಡಿಯ ಹೊಸ್ತಿಲಿಗೆ ಬಂದೆ. ತಾತ ಧಾವಳಿಯುಟ್ಟು ಒಳಗೆ ನಿಂತಿದ್ದರು. ಧಾವಳಿಯೆಂದರೆ ಮಡಿಯ ಉಣ್ಣೆ ವಸ್ತ್ರ; ಅದನ್ನು ದಿನವೂ ಒಗೆಯಬೇಕಿಲ್ಲ, ಉಣ್ಣೆಗೆ ಮೈಲಿಗೆಯಿಲ್ಲ. ಪೂಜೆಯ ನಂತರ ಕೋಲಿನಿಂದ ಮೇಲಿನ ಗಳುವಿಗೆ ಏರಿಸಿದರೆ ಮರುದಿನವೂ ಅದೇ. ತಾತ ನನ್ನತ್ತ ತಿರುಗಿ ಉಸಿರೆಳೆದರು.

"ಏನಮ್ಮಾ ಇದು?"

"ಸಾಬ್ರು ಕೊಟ್ರು ತಾತ."

"ಸ್ವಾಮಿಗೆ ಅಂತ ತಂದಿದ್ದನ್ನ ಅವನಿಗಿಂತ ಮೊದಲು ನೀನು ಹಚ್ಕೊಂಡ್ಬಿಟ್ಟೆಯಲ್ಲ."

ದನಿ ಏರಲಿಲ್ಲ. ಬುಟ್ಟಿಯ ಹೂವೆಲ್ಲ ಗುಡಿಯ ಹೊರಗಿನ ಹೊಂಗೆಯ ಬುಡ ಸೇರಿತು. ಆ ದಿನದ ಮಾಲೆಯನ್ನು ದೊಡ್ಡಪ್ಪನ ಮಗಳು ಶಾರದೆ ಕಟ್ಟಿದಳು. ಪೂಜೆ ಮುಗಿಸಿ ಧಾವಳಿಯಲ್ಲೇ ಹೊರಬಂದ ತಾತ ಅಂಗೈ ಚಾಚಿ, "ಇಲ್ಲಿ ಹಾಕು" ಎಂದರು. ಮುಟ್ಟದಂತೆ ಮೇಲಿನಿಂದ ಹತ್ತಿಯನ್ನು ಬಿಟ್ಟೆ. ಅಷ್ಟರಲ್ಲಿ ಗೌಡರ ಮನೆಯವರು ಮಗುವಿನ ನಾಮಕರಣಕ್ಕೆ ದಿನ ಕೇಳಲು ಬಂದರು. ತಾತ ಅವರತ್ತ ಹೋದರು. ನನ್ನ ಕಣ್ಣು ತುಂಬಿತ್ತು, ಮುಂದಿನದನ್ನು ನೋಡಲಿಲ್ಲ.

"ವಾಸನೆ ಹೋದ ದಿನ ಬಾ, ಮಾಲೆ ನಿನ್ನದೇ" ಎಂದದ್ದು ಮಾತ್ರ ಕೇಳಿಸಿತು.

ಅಲ್ಲಿಂದ ತೊಳೆಯುವುದೇ ನನ್ನ ಬದುಕಾಯಿತು. ಸೀಗೆಪುಡಿ, ಕಡಲೆಹಿಟ್ಟು, ಹುಣಸೆಹುಳಿ, ಕೊನೆಗೆ ಒಲೆಯ ಬೂದಿ. ಕಿವಿಯ ಹಿಂದೆ ಚರ್ಮ ಕೆಂಪಾಗಿ ಸುಲಿಯಿತು. ಬಿಸಿನೀರು ಬಿದ್ದಾಗಲೆಲ್ಲ ಆ ಹಾಳು ಸಂಪಿಗೆ ಮತ್ತೆ ಅರಳುತ್ತಿತ್ತು.

"ಏನೇ, ಮದುವೆ ಹೆಣ್ಣು, ಇನ್ನೂ ಎಷ್ಟು ಕೊಡ ನೀರು?" ಎಂದು ಶಾರದೆ ಬಚ್ಚಲ ಬಾಗಿಲಲ್ಲಿ ಕೆಣಕಿದಳು.

"ನಿನ್ನ ಮಾಲೆಯ ಗಂಟು ಬಿಚ್ಚಿಕೊಳ್ತಿದೆಯಂತೆ, ಹೋಗಿ ನೋಡ್ಕೊ."

ಮರುದಿನ ಹೊಸ್ತಿಲಲ್ಲಿ ನಿಂತೆ. ತಾತ ಉಸಿರೆಳೆದು, "ಇನ್ನೂ ಇದೆ" ಎಂದರು. ಅದರ ಮರುದಿನವೂ "ಇನ್ನೂ ಇದೆ." ಆ ಸಂಜೆ ಅಮ್ಮ ನನ್ನ ಕತ್ತಿಗೆ ಮೂಗಿಟ್ಟು ಹುಡುಕಿ, "ನನಗೇನೂ ಬರ್ತಿಲ್ಲ ಕಣೇ, ಬೂದಿ ವಾಸನೆ ಬಿಟ್ಟು" ಎಂದಳು. "ಹಾಗಾದ್ರೆ ತಾತಂಗೆ ಹೇಳಮ್ಮ" ಎಂದೆ. ಮಾವನವರ ಮೂಗಿಗೆ ಎದುರಾಡುವ ಸೊಸೆಯರ ಕಾಲವಲ್ಲ ಅದು. ಅವಳು ಸುಮ್ಮನೆ ಇನ್ನೊಂದು ಕೊಡ ನೀರು ಕಾಯಿಸಿದಳು.

ಕೊನೆಯ ದಿನ ಎಲ್ಲರಿಗಿಂತ ಮೊದಲು ಎದ್ದು, ಒಗೆದ ಲಂಗ ಉಟ್ಟು, ಒದ್ದೆಗೂದಲಲ್ಲಿ ನಿಂತೆ. ನನಗೇ ಏನೂ ಬರುತ್ತಿರಲಿಲ್ಲ. ತಾತ ಕಣ್ಣುಮುಚ್ಚಿ ಬಹಳ ಹೊತ್ತು ಉಸಿರೆಳೆದರು. ಅವರಿಗೂ ಮನಸ್ಸಿತ್ತು, ಮುಖದಲ್ಲಿ ಕಾಣುತ್ತಿತ್ತು.

"ಇನ್ನೂ ಇದೆಯಲ್ಲಮ್ಮಾ, ಏನು ಮಾಡ್ಲಿ."

ದೊಡ್ಡ ಮಾಲೆಯನ್ನು ಶಾರದೆ ಕಟ್ಟಿದಳು. ಮಂಗಳಾರತಿಯ ಗಂಟೆಯನ್ನು ನಾನು ಹೊಂಗೆಯ ಕೆಳಗಿನಿಂದ ಕೇಳಿದೆ.

ಮಾಸ ಮುಗಿದ ದಿನ ಧಾವಳಿಯನ್ನು ಬಿಸಿಲಿಗೆ ಕೊಡವಿ, ಮುಂದಿನ ವರ್ಷದವರೆಗೆ ಪೆಟ್ಟಿಗೆಗೆ ಸೇರಿಸುವುದು ವಾಡಿಕೆ. ಮಂಗಳಾರತಿಯಾದ ಮೇಲೆ ತಾತ ಪಂಚೆಯುಟ್ಟು ಬಂದು, ಜಗಲಿಯ ಮೇಲೆ ನಿಂತು ಅದನ್ನು ಪೂರ್ತಿ ಬಿಚ್ಚಿ ಜೋರಾಗಿ ಒದರಿದರು. ಸೊಂಟದ ಮಡಿಕೆಯಿಂದ ಏನೋ ಕಲ್ಲಿನ ಮೇಲೆ ಬಿತ್ತು. ಉಣ್ಣೆಯ ಎಳೆಗಳು ಸುತ್ತಿಕೊಂಡು ಬೂದುಬಣ್ಣವಾಗಿದ್ದ ಹತ್ತಿಯ ಚೂರು. ಬಿಸಿಲು ತಾಗಿ ಜಗಲಿಯೆಲ್ಲ ಸಂಪಿಗೆ, ಲೋಬಾನ.

ಅಂದು ಗೌಡರೊಡನೆ ಮಾತಾಡುತ್ತ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮರೆತಿದ್ದರು. ಮನೆಯಲ್ಲಿ ಎಲ್ಲವನ್ನೂ ತೊಳೆದಾಗಿತ್ತು, ತೊಳೆಯಬೇಕಿಲ್ಲದ ಆ ಒಂದು ವಸ್ತ್ರದ ಹೊರತು.

ತಾತ ಬಗ್ಗಿ ಅದನ್ನೆತ್ತಿಕೊಂಡು ಮೂಸಿದರು. ನನ್ನನ್ನು ನೋಡಿದರು.

"ನಂದು" ಎಂದರು.

ಧಾವಳಿಯನ್ನು ಮಡಿಸಿ ಜಗಲಿಯ ಮೇಲಿಟ್ಟರು.

"ಬರೋ ವರ್ಷ ನೀನೇ ಕಟ್ಟು ಮಗು."

"ಇವತ್ತಿನದು?"

ತಾತ ಹತ್ತಿಯ ಚೂರನ್ನು ಹಿಡಿದುಕೊಂಡೇ ಒಳಗೆ ಹೋದರು. ಆ ದಿನ ಅವರು ಹುಗ್ಗಿಯನ್ನು ಕಣ್ಣಿಗೊತ್ತಿಕೊಂಡರೇ ಹೊರತು ಉಣ್ಣಲಿಲ್ಲ. "ಹಸಿವಿಲ್ಲವಂತೆ" ಎಂದು ಅಮ್ಮ ಎಲೆ ಎತ್ತಿದಳು. ಅದು ಪ್ರಾಯಶ್ಚಿತ್ತವೆಂದು ಆಗ ನನಗೆ ತಿಳಿಯಲಿಲ್ಲ. ತಿಳಿದಿದ್ದರೂ ಕ್ಷಮಿಸುತ್ತಿರಲಿಲ್ಲವೇನೋ. ಏಕೆಂದರೆ ಮುಂದಿನ ಧನುರ್ಮಾಸ ಬರುವಷ್ಟರಲ್ಲಿ ನಾನು ದೊಡ್ಡವಳಾಗಿದ್ದೆ. ಆ ಮಾಲೆ ನನಗೆ ಎಂದೆಂದಿಗೂ ಸಿಗಲಿಲ್ಲ.

ಮೊನ್ನೆ ಮೊಮ್ಮಗಳು ಒಂದು ಚೆಂದದ ಸೀಸೆ ತಂದಳು. "ಹೂವು, ಧೂಪ ಎರಡೂ ಇದೆ ಅಜ್ಜಿ, ನಿಮಗೆ ಇಷ್ಟ ಆಗತ್ತೆ" ಎಂದಳು. ದೇವರ ಮುಂದಿಟ್ಟು, ಆಮೇಲೆ ಮಣಿಕಟ್ಟಿಗೆ ಹಾಕಿಕೊಂಡೆ. ಮಲ್ಲಿಗೆ ಬಂತು. ಸಂಪಿಗೆಯ ಹತ್ತಿರದ್ದೇನೋ ಬಂತು. ಅಡಿಯ ಹೊಗೆಗಾಗಿ ಕಾದೆ, ಕಾದೆ, ಅಡುಗೆ ಮುಗಿಯಿತು, ಊಟವಾಯಿತು. ಮೊಮ್ಮಗಳು ನನ್ನ ಕೈ ಮೂಸಿ, "ಹೋಗೇಬಿಟ್ಟಿದೆ ಅಜ್ಜಿ, ಇನ್ನೊಂದ್ಸಲ ಹಾಕ್ಕೊಳಿ" ಎಂದಳು. ಅಂದು ಬೂದಿ ಹಚ್ಚಿ ಉಜ್ಜಿದರೂ ಬಿಡದಿದ್ದದ್ದು ಇಂದು ಬೇಡಿಕೊಂಡರೂ ನಿಲ್ಲುವುದಿಲ್ಲ.

ಈಗ ದೊಡ್ಡಬಳ್ಳಾಪುರದ ಪೇಟೆಯಲ್ಲಿ ದೇವರಿಗೆಂದು ಮಾಲೆ ಕೊಳ್ಳುವವರು ಮೊದಲು ಅದನ್ನು ತಾವೇ ಮೂಸಿ ನೋಡುತ್ತಾರೆ. ಗದರಬೇಕೆನಿಸುತ್ತದೆ, ಯಾರನ್ನೆಂದು ಗದರಲಿ? ಮೂಗಿಗೆ ಬಟ್ಟೆ ಕಟ್ಟುವವರು ಇಲ್ಲ. ಕಟ್ಟಿಕೊಳ್ಳಬೇಕಾದಷ್ಟು ಘಮವೂ ಆ ಹೂವಿನಲ್ಲಿಲ್ಲ.

ಸ್ವಾಮಿಯ ಪಾಲಿನ ಗಂಧಕ್ಕಾಗಿ ತನ್ನ ಮೊಮ್ಮಗಳನ್ನೇ ಹೊರಗೆ ನಿಲ್ಲಿಸಿದ ತಾತನಿಗೆ ಅವನ ಸನ್ನಿಧಿ ದೊರೆತಿರಲಿ. ಅತ್ತರು ಸಾಬರ ಮಕ್ಕಳು ಮೊಮ್ಮಕ್ಕಳ ಮನೆಯಲ್ಲಿ ಬರಕತ್ತು ತುಂಬಿರಲಿ. ನೀರು ಕಾಯಿಸಿದ ಅಮ್ಮನ ಕೈಗಳಿಗೆ ನೆಮ್ಮದಿಯಿರಲಿ. ಆ ಮಾಲೆ ಕಟ್ಟಿದ ಶಾರದೆಯ ಬೆರಳುಗಳು ನೋವಿಲ್ಲದೆ ಬಾಳಲಿ. ಸೀಸೆ ತಂದ ನನ್ನ ಮೊಮ್ಮಗಳು ಯಾವ ಹೊಸ್ತಿಲಲ್ಲಿ ಹೂವು ಹಿಡಿದು ನಿಂತರೂ, ಒಳಗಿನಿಂದ ಬರುವ ಮಾತು "ಬಾ" ಎಂದೇ ಆಗಿರಲಿ.