ಕರೆಯದ ತವರಿಗೆ ಎರಡು ದಿನದ ದಾರಿ

ಪಕ್ಕದ ಮನೆಯಲ್ಲಿ ಬೆಳಗಿನಿಂದ ಅಳ್ಳು ಹುರಿಯುತ್ತಿದ್ದಾರೆ. ಜೋಳದ ಕಾಳು ಬಾಣಲೆಯಲ್ಲಿ ಪಟಪಟ ಅರಳಿ ಆ ಕಮ್ಮನೆಯ ವಾಸನೆ ಕಿಟಕಿಯೊಳಗೆ ಬಂತೆಂದರೆ ನಮ್ಮ ಬೈರಿದೇವರಕೊಪ್ಪದ ಓಣಿಗೆ ನಾಗರ ಪಂಚಮಿ ಬಂದ ಹಾಗೆ. ಉಳಿದವರಿಗೆ ಅದರಿಂದ ಬಾಯಲ್ಲಿ ನೀರು ಬರುತ್ತದೆ. ನನಗೆ ಸೊಂಟ ನೋಯುತ್ತದೆ. ನಗಬೇಡಿ, ಈ ಸೊಂಟಕ್ಕೂ ಆ ಅಳ್ಳಿಗೂ ಸೂರತ್ತಿನಿಂದ ಇಲ್ಲಿಯವರೆಗಿನಷ್ಟು ಉದ್ದದ ಸಂಬಂಧವಿದೆ.

ಆಗ ನಾನು ಸೂರತ್ತಿನ ಒಂದು ಬಟ್ಟೆ ಮಿಲ್ಲಿನಲ್ಲಿದ್ದೆ. ಇಲ್ಲಿಯ ಮನೆಗೆ ಬೀಗ ಹಾಕಿ, ಕೀಲಿಯನ್ನು ಪಕ್ಕದ ಮನೆಯ ಕಮಲಕ್ಕನ ಕೈಗೆ ಕೊಟ್ಟು ಹೋಗಿದ್ದೆವು. ನನ್ನ ಹೆಂಡತಿ ಗಿರಿಜಾಳ ತವರು ಗರಗ. ಪಂಚಮಿಗೆ ಹೆಣ್ಣುಮಗಳು ತವರಿಗೆ ಹೋಗಬೇಕು, ಆದರೆ ತಾನಾಗಿ ಹೋಗುವಂತಿಲ್ಲ. ಅಣ್ಣನೋ ತಮ್ಮನೋ ಬಂದು ಕರೆಯಬೇಕು. ಅವಳ ತಮ್ಮ ಈರಣ್ಣ ಸೂರತ್ತಿಗೂ ರೈಲು ಹತ್ತಿ ಬಂದು, ಅಲ್ಲಿಯ ಚಹಾ ಬಾಯಿಗೆ ಹತ್ತುವುದಿಲ್ಲವೆಂದು ಮುಖ ಕಿವುಚಿ, ಅಕ್ಕನನ್ನು ಕರೆದುಕೊಂಡು ಹೋಗುತ್ತಿದ್ದ. ಆ ವರ್ಷ ಹೊಲದ ಒಡ್ಡಿನ ಮೇಲೆ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ. ಸುದ್ದಿ ಹೇಳಿದ್ದು ಅವನ ಹೆಂಡತಿ. ಈ ಸಲ ಅವರಿಗೆ ಬರಲು ಆಗುವುದಿಲ್ಲ ಎಂದು ಫೋನಿನಲ್ಲಿ ಹೇಳಿದಳಂತೆ. ನೀವೇ ಬರ್ರಿ ಎನ್ನಲಿಲ್ಲವಂತೆ.

"ಕಾಲು ಮುರದೈತಿ, ಖರೇ. ಬಾಯಿನೂ ಮುರದೈತೇನು?" ಎಂದು ಗಿರಿಜಾ ನನ್ನನ್ನು ಕೇಳಿದಳು, ಒಡ್ಡಿನ ಮೇಲೆ ನಾನೇ ಅವನನ್ನು ನೂಕಿದವನ ಹಾಗೆ.

"ಅದಕ್ಕೇನಾತು, ನಡಿ, ನಾನ ಕರಕೊಂಡು ಹೋಗ್ತೇನಿ," ಎಂದೆ.

"ಕರೀದ ತವರಿಗೆ ಹೋಗ್ಲೇನು? ಓಣ್ಯಾಗಿನ ಮಂದಿ ಏನಂದಾರು?"

ಎರಡು ದಿನ ಮನೆಯಲ್ಲಿ ಪಾತ್ರೆಗಳೇ ಮಾತಾಡಿದವು. ಮೂರನೆಯ ದಿನ ಗಿರಿಜಾಳಿಗೆ ಇದ್ದಕ್ಕಿದ್ದಂತೆ ಬೈರಿದೇವರಕೊಪ್ಪದ ಮನೆಯ ಚಿಂತೆ ಹತ್ತಿತು. ಮಳೆಗಾಲ, ಮಾಳಿಗೆ ಸೋರುತ್ತಿರಬಹುದು, ನೋಡಿ ಬರೋಣ ಎಂದಳು. ಗರಗದ ಹೆಸರೆತ್ತಲಿಲ್ಲ. ಕಮಲಕ್ಕನಿಗೆ ಫೋನ್ ಮಾಡಿ ಮನೆ ಗುಡಿಸಿಡಲು ಹೇಳಿದಳು. ಕಮಲಕ್ಕ ಗರಗದವಳೇ, ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡರೆ ಅಜೀರ್ಣವಾಗುವ ಜೀವ ಎಂಬುದು ನನಗೆ ಆಗ ಹೊಳೆಯಲಿಲ್ಲ. ಗಂಡಸರಿಗೆ ಇಂಥವು ಟೋಲ್ ನಾಕಾ ದಾಟಿದ ಮೇಲೆಯೇ ಹೊಳೆಯುವುದು.

ನಮ್ಮ ಕಾರು ಸಣ್ಣದು, ನಾನು ಸಣ್ಣವನಲ್ಲ. ಮೊದಲ ದಿನವೇ ಮೊಣಕಾಲು, ಸೊಂಟ, ಕುತ್ತಿಗೆ ಮೂರೂ ಬೇರೆಬೇರೆ ದಿಕ್ಕಿಗೆ ತಿರುಗಿ ಕುಳಿತವು. ಪುಣೆಯಲ್ಲಿ ರಾತ್ರಿ ಉಳಿದು, ಮರುದಿನ ಮಧ್ಯಾಹ್ನಕ್ಕೆಲ್ಲ ಮನೆ ಮುಟ್ಟುವ ಲೆಕ್ಕ ಹಾಕಿದ್ದೆ. ಗಿರಿಜಾಳ ಲೆಕ್ಕ ಬೇರೆ ಇತ್ತು. ಕೊಲ್ಹಾಪುರ ಬಂದರೆ ದೇವಿಯ ದರ್ಶನ. ನಿಪ್ಪಾಣಿ ಬಂದರೆ ಚಹಾ. ಬೆಳಗಾವಿಯಲ್ಲಿ ಕುಂದಾ ಕೊಂಡಳು, ಮತ್ತೆ ಸಾಲದೆನಿಸಿ ಅದೇ ಅಂಗಡಿಗೆ ಗಾಡಿ ತಿರುಗಿಸಲು ಹಚ್ಚಿದಳು. ಆಮೇಲೆ ದಾರಿಯಲ್ಲಿ ನಿಂತ ಒಂದು ಆಕಳಿಗೆ ಬುತ್ತಿಯ ರೊಟ್ಟಿ ತಿನ್ನಿಸಬೇಕಾಯಿತು. ಅದಕ್ಕೆ ಹಸಿವಿರಲಿಲ್ಲ. ಹಸಿವಾಗುವ ತನಕ ನಿಂತೆವು. ಫೋನಿನೊಳಗೆ ದಾರಿ ಹೇಳುವ ಹೆಣ್ಣುಮಗಳು ಪ್ರತಿ ಸಲವೂ ಬೇಸರವಿಲ್ಲದೆ ಮನೆ ಮುಟ್ಟುವ ಹೊಸ ಹೊತ್ತು ತೋರಿಸುತ್ತಿದ್ದಳು. ಗಿರಿಜಾಳಿಗೆ ನನಗಿಂತ ಅವಳೇ ಒಳ್ಳೆಯ ಗಂಡನಾಗುತ್ತಿದ್ದಳೇನೋ.

ಕಿತ್ತೂರು ಬಂತು. "ಕೋಟಿ ನೋಡೂಣು, ನಿಂದರಸ್ರಿ," ಎಂದಳು.

"ಸಾಲ್ಯಾಗಿದ್ದಾಗಿನಿಂದ ನೋಡೀಯಲ್ಲ?"

"ನೀವು ಜ್ವಾಕಿಲೆ ನೋಡಿಲ್ಲಲ್ರಿ."

ನಾನು ಕೋಟೆಯನ್ನು ಜೋಪಾನವಾಗಿ ನೋಡುವಾಗ ಅವಳು ಒಂದು ಬಿದ್ದ ಗೋಡೆಯ ಮೇಲೆ ಹತ್ತಿ ನಿಂತು ತನ್ನ ಫೋನನ್ನು ಮೇಲಕ್ಕೆ ಹಿಡಿದಿದ್ದಳು. ರೇಂಜ್ ಇದೆಯೋ ಇಲ್ಲವೋ ನೋಡುತ್ತಿದ್ದಳು. ಆಗ ನನ್ನ ದಡ್ಡ ತಲೆಗೆ ಎಲ್ಲ ತಿಳಿಯಿತು. ರೇಂಜ್ ಇಲ್ಲದ ಘಟ್ಟದಲ್ಲಿ "ಲಗೂ ಹೊಡೀರಿ" ಎಂದವಳು, ರೇಂಜ್ ಇದ್ದ ಊರು ಊರಿಗೂ ನಿಲ್ಲಿಸಿದ್ದೇಕೆ? ಮುಂದೆ ಸ್ವಲ್ಪ ದೂರದಲ್ಲೇ ಗರಗಕ್ಕೆ ಹೊರಳುವ ದಾರಿ. ಅದು ಬರುವುದರೊಳಗೆ ತಮ್ಮ ಕರೆಯಬೇಕು. ಕರೆಯದಿದ್ದರೆ ತವರಿನ ದಾರಿಯನ್ನು ಪಕ್ಕಕ್ಕೆ ಬಿಟ್ಟು ಸೋರುವ ಮಾಳಿಗೆ ನೋಡಲು ಹೋಗಬೇಕು. ಅವಳು ಎರಡು ದಿನದಿಂದ ದಾರಿಯನ್ನು ಎಳೆದೆಳೆದು ಉದ್ದ ಮಾಡಿ ತಮ್ಮನಿಗೆ ಹೊತ್ತು ಕೊಡುತ್ತಿದ್ದಳು. ಪಾಪ ಎನಿಸಿತು. ಸೊಂಟಕ್ಕೆ ಮಾತ್ರ ಅನಿಸಲಿಲ್ಲ.

ಮರೆಗೆ ಹೋಗಿ ಕದ್ದು ಈರಣ್ಣನಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ.

ಅಲ್ಲಿಂದ ಮುಂದೆ ಗಿರಿಜಾ ಏನನ್ನೂ ನೋಡಬೇಕೆನ್ನಲಿಲ್ಲ. ಫೋನನ್ನು ಚೀಲದೊಳಗೆ ಹಾಕಿ ಜಿಪ್ ಎಳೆದಳು. ನಾನು ಗಾಡಿಯನ್ನು ಎಷ್ಟು ಮೆಲ್ಲಗೆ ಬಿಟ್ಟೆನೆಂದರೆ ಟ್ರ್ಯಾಕ್ಟರೊಂದು ಹಾರ್ನ್ ಹಾಕಿ ಮುಂದೆ ಹೋಯಿತು. ಗರಗದ ತಿರುವು ಕಾಣಿಸಿದಾಗ ಅವಳು ಮುಖವನ್ನು ಬೇರೆ ಕಡೆಗೆ ತಿರುಗಿಸಿದಳು.

ಹಾಗಾಗಿ ಮೊದಲು ನೋಡಿದವನು ನಾನೇ. ತಿರುವಿನ ಚಹಾದಂಗಡಿಯ ಮುಂದೆ ಒಂದು ಬಾಡಿಗೆಯ ಟಂಟಂ ಆಟೋ ನಿಂತಿತ್ತು. ಅದರೊಳಗಿಂದ ಪ್ಲಾಸ್ಟರ್ ಹಾಕಿದ ಒಂದು ಕಾಲು ಹೊರಗೆ ಚಾಚಿತ್ತು, ಮಳೆಗೆ ತೊಯ್ಯಬಾರದೆಂದು ಗೊಬ್ಬರದ ಚೀಲ ತೊಡಿಸಿಕೊಂಡು.

"ಎಲ್ಲಿ ಹಾಳಾಗಿ ಹೋಗಿದ್ದಿ ಅಕ್ಕಾ? ಮುಂಜಾನಿಂದ ಕುಂತೇನಿ ಇಲ್ಲೆ!" ಎಂದು ಈರಣ್ಣ ಒಳಗಿಂದಲೇ ಕೂಗಿದ. "ಕಮಲಕ್ಕ ಮಧ್ಯಾಹ್ನಕ್ಕ ಬರ್ತಾರ ಅಂದಿದ್ದಳು."

ಗಿರಿಜಾ ಇಳಿದು ಅವನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಒಂದು ಫೋನ್ ಹಚ್ಚಾಕ ಏನಾಗಿತ್ತೋ ನಿನಗ?"

"ಫೋನ್ ಹಚ್ಚಿ ತರಿಸಾಕ ನೀ ಏನು ಗ್ಯಾಸಿನ ಸಿಲಿಂಡರ್ ಏನಕ್ಕಾ? ಫೋನ್ ಮನ್ಯಾಗ ಬಿಟ್ಟು ಬಂದೇನಿ. ಹತ್ತು, ಹತ್ತು. ಅವ್ವ ಹೋಳಿಗಿ ಆರಸ್ಕೊಂತ ಕುಂತಾಳ."

ಅಕ್ಕ ಅತ್ತಳೋ ನಕ್ಕಳೋ, ತುಂತುರು ಮಳೆಯಲ್ಲಿ ಗೊತ್ತಾಗಲಿಲ್ಲ. ಕರೆಯಲು ಬಂದವನ ಗಾಡಿಯಲ್ಲೇ ಹೋಗಬೇಕಲ್ಲವೇ, ಟಂಟಂ ಹತ್ತಿದಳು. "ಬರ್ತೇವ್ರಿ ಮಾಮಾರ," ಎಂದ ಈರಣ್ಣ. ಟಂಟಂ ಹೊಗೆ ಬಿಟ್ಟು ಗರಗದ ಕಡೆ ಹೊರಳಿತು.

ನಾನು ಸ್ಟೀರಿಂಗ್ ಹಿಡಿದು ಹಾಗೇ ಕುಳಿತೆ. ಬರ್ತೇವಿ ಎಂದನೇ ಹೊರತು, ಬರ್ರಿ ಎಂದನೇ? ಅಕ್ಕನನ್ನು ಕರೆದ, ಸರಿ. ಅಳಿಯನಾದ ನನ್ನನ್ನು ಯಾರು ಕರೆದರು? ಕರೆಯದೆ ಮಾವನ ಮನೆಗೆ ಹೋದರೆ ಓಣಿಯಲ್ಲಿನ ಮಂದಿ ಏನಂದಾರು? ಇಳಿದು ಒಂದು ಚಹಾ ಹೇಳಿದೆ. ಆಮೇಲೆ ಇನ್ನೊಂದು. ಗೋಡೆ ಹತ್ತುವುದಷ್ಟೇ ಉಳಿದಿತ್ತು.

"ಮನಿಯವರು ಆ ಕಡಿ ಹೋದ್ರಲ್ರೀ," ಎಂದ ಅಂಗಡಿಯವ.

"ಹೋಗ್ಲಿ. ಇಲ್ಲೆ ಚಹಾ ಛಲೋ ಐತಿ," ಎಂದೆ.

ಮೂರನೆಯ ಚಹಾ ಮುಗಿಯುವಾಗ ಟಂಟಂ ವಾಪಸ್ ಬಂತು. "ಮಾಮಾರ, ಗಾಡಿ ಕೆಟ್ಟೈತೇನ್ರಿ?" ಎಂದು ಈರಣ್ಣ ಗಾಬರಿಯಾಗಿದ್ದ. ಗಿರಿಜಾ ಗಾಬರಿಯಾಗಿರಲಿಲ್ಲ. ನನ್ನ ಮುಖ ನೋಡಿದಳು, ಮೇಜಿನ ಮೇಲಿನ ಲೋಟ ನೋಡಿದಳು. ಎರಡು ದಿನದ ಆ ವಿದ್ಯೆ ಅವಳದೇ ಅಲ್ಲವೇ?

"ಗಾಡಿಗೇನೂ ಆಗಿಲ್ಲೋ," ಎಂದಳು ತಮ್ಮನಿಗೆ. "ಇಳಿ ಕೆಳಗ. ಕಾಲು ಮುರದಿದ್ರೇನು, ಕುಂಟಕೊಂತ ಹೋಗಿ ಕರಿ ಅವರನ್ನ."

ಇದೆಲ್ಲ ಆಗಿ ಎಷ್ಟೋ ವರ್ಷವಾಯಿತು. ಸೂರತ್ತು ಮುಗಿದು ಈಗ ನಾವು ಇಲ್ಲೇ ಇದ್ದೇವೆ, ಗರಗಕ್ಕೆ ಒಂದು ಗಂಟೆಯ ದಾರಿ. ಇಷ್ಟು ಬರೆಯುವುದರೊಳಗೆ ಬಾಗಿಲಿಗೆ ಈರಣ್ಣ ಬಂದ. ಅಕ್ಕನನ್ನು ಕರೆದ. ಆಮೇಲೆ ನನ್ನ ಮುಂದೆ ಬಂದು, ಕೆಮ್ಮಿ, ಅಂಗಿ ಸರಿಮಾಡಿಕೊಂಡು, "ಮಾಮಾರ, ನೀವೂ ಬರಬೇಕ್ರಿ" ಎಂದ.

"ನೋಡೂಣು. ಭಾಳ ಕೆಲಸ ಅದಾವು," ಎಂದೆ, ಕನ್ನಡಕ ಒರೆಸುತ್ತ.

"ಅವರ ಚೀಲ ಮಂಚದ ಕೆಳಗ ಐತಿ ನೋಡೋ," ಎಂದು ಒಳಗಿಂದ ಗಿರಿಜಾ ಕೂಗಿದಳು. "ನಿನ್ನೆನ ತುಂಬಿಟ್ಟಾರ. ಮೊದಲ ಅದನ್ನ ಗಾಡ್ಯಾಗ ಇಡು."