ಹಸಿದ ಬಾಯಿಯ ಸಿಹಿ ವಾಸನೆ

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮುಂಬಯಿಯ ತಬೇಲಾಗಳಿಗೆ ಟಾನಿಕ್ ಮಾರುತ್ತಿದ್ದೆ. ತಬೇಲಾ ಎಂದರೆ ಹಾಲಿನ ಎಮ್ಮೆಗಳ ಕೊಟ್ಟಿಗೆ. ಆಗ ಸಾಂತಾಕ್ರೂಜಿನಿಂದ ಕಾಂದಿವಲಿಯವರೆಗೆ ಬಿಲ್ಡಿಂಗುಗಳ ಬೆನ್ನಿಗೇ ಅವು ಇದ್ದವು. ನಮ್ಮ ಬಾಟಲಿಯಲ್ಲಿದ್ದದ್ದು ಕಾಕಂಬಿಯಂಥ ಕಪ್ಪು ಸಿಹಿ ದ್ರವ. ಕರು ಹಾಕಿದ ಎಮ್ಮೆ ಮೇವು ಬಿಟ್ಟರೆ ಮೈಯಲ್ಲಿ ಶಕ್ತಿ ಬರಲೆಂದು ಅದನ್ನು ಕುಡಿಸುವುದು. ಲೇಬಲಿನ ಮೇಲೆ ಎಮ್ಮೆಯ ಜೊತೆ ಹಸು, ಕುರಿಗಳ ಚಿತ್ರವೂ ಇತ್ತು. ಮುಂಬಯಿಯಲ್ಲಿ ಕುರಿಗೆ ಟಾನಿಕ್ ಕೊಳ್ಳುವ ಪುಣ್ಯಾತ್ಮ ನನಗಂತೂ ಸಿಗಲಿಲ್ಲ. ಇಲ್ಲಿಗೆ ಕುರಿ ಬರುತ್ತಿದ್ದದ್ದೇ ಕಸಾಯಿಖಾನೆಗೆ.

ಹಾಲಿಗೆ ಬಂದ ಎಮ್ಮೆ ತಿನ್ನುವುದನ್ನು ಬಿಟ್ಟರೂ ಹಾಲು ಕೊಡುವುದನ್ನು ಒಮ್ಮೆಲೇ ಬಿಡುವುದಿಲ್ಲ. ತನ್ನ ಮೈಯ ಕೊಬ್ಬನ್ನೇ ಕರಗಿಸಿ ಕೊಡುತ್ತದೆ. ಹಾಗೆ ಕರಗುವಾಗ ಅದರ ಬಾಯಿಂದ ಕಳಿತ ಬಾಳೆಹಣ್ಣಿನಂಥ ಒಂದು ಸಿಹಿ ವಾಸನೆ ಬರುತ್ತದೆ. ಕೆಲವರ ಮೂಗಿಗೆ ಅದು ಹತ್ತುವುದೇ ಇಲ್ಲ. ನನ್ನ ಮೂಗಿಗೆ ಹತ್ತುತ್ತಿತ್ತು, ನನ್ನ ಅನ್ನ ಹುಟ್ಟುತ್ತಿದ್ದದ್ದೂ ಆ ಮೂಗಿನಿಂದಲೇ. ವಾಸನೆ ಸಿಕ್ಕಿದರೆ ಬಿದಿರಿನ ಗೊಟ್ಟದಲ್ಲಿ ಟಾನಿಕ್ ತುಂಬಿ ಅದರ ಗಂಟಲಿಗೆ ಹೊಯ್ಯಿಸುತ್ತಿದ್ದೆ. ಆಮೇಲೆ ಚೆನ್ನಾಗಿ ತಿನ್ನುವ ಇನ್ನೊಂದು ಎಮ್ಮೆಯನ್ನು ತಂದು ಅದೇ ಗೋದಲಿಗೆ ಕಟ್ಟಲು ಹೇಳುತ್ತಿದ್ದೆ. ಬಾಟಲಿಯದು ಅರ್ಧ ಕೆಲಸ, ಪಕ್ಕದವಳದ್ದು ಅರ್ಧ ಕೆಲಸ ಅನ್ನುವುದು ನಾನು ಎಲ್ಲ ತಬೇಲಾಗಳಲ್ಲೂ ಒಪ್ಪಿಸುತ್ತಿದ್ದ ಪಾಠ. ಪಕ್ಕದಲ್ಲೊಂದು ಬಾಯಿ ಆಡತೊಡಗಿದರೆ ಮೇವು ಬಿಟ್ಟ ಎಮ್ಮೆಯೂ ನಿಧಾನಕ್ಕೆ ಮೂತಿ ಹಾಕುತ್ತದೆ.

ಆ ದಿನಗಳಲ್ಲೇ ನಮ್ಮ ಮೊದಲ ಮಗು ಹುಟ್ಟಿ, ಕೆಲವೇ ದಿನ ಇದ್ದು, ಹೋಯಿತು. ಗಂಡು ಮಗು. ಬಾಣಂತನಕ್ಕೆಂದು ಊರಿನಿಂದ ಬಂದಿದ್ದ ಅತ್ತೆ ಅತ್ತು ಅತ್ತು ಸೋತು ಊರಿಗೆ ಹೊರಟುಹೋದರು. ಕಾಂದಿವಲಿಯ ನಮ್ಮ ಚಾಳಿನವರು ಬಂದು, ಇನ್ನೂ ಸಣ್ಣ ಪ್ರಾಯ, ಮತ್ತೆ ಆಗುತ್ತದೆ ಎಂದು ಬಿದ್ದ ಹಾಲುಹಲ್ಲಿನ ಬಗ್ಗೆ ಹೇಳುವ ಹಾಗೆ ಹೇಳಿ ಹೋದರು. ನನಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಜೋಮು ಹಿಡಿದ ಕೈಯನ್ನು ಇನ್ನೊಂದು ಕೈಯಿಂದ ಎತ್ತಿಡುತ್ತೇವಲ್ಲ, ಹಾಗೆ ನನ್ನನ್ನು ನಾನೇ ಎತ್ತಿಕೊಂಡು ದಿನಾ ಸ್ಟೇಷನ್ನಿಗೆ ಹೋಗುತ್ತಿದ್ದೆ.

ಕಂಪನಿಯ ಆಫೀಸು ಮಾಟುಂಗದಲ್ಲಿತ್ತು. ಸಂಜೆ ಲೆಕ್ಕ ಒಪ್ಪಿಸಿ, ಅಲ್ಲೇ ನಮ್ಮೂರ ಕಡೆಯವರ ಹೋಟೆಲಿನಲ್ಲಿ ಊಟ ಮುಗಿಸಿ ಲೋಕಲ್ ಹತ್ತುತ್ತಿದ್ದೆ. ಹೆಂಡತಿಗೆ ಅಡುಗೆಯ ಕಷ್ಟ ಯಾಕೆ ಎಂಬುದು ನಾನು ಕೊಟ್ಟುಕೊಂಡಿದ್ದ ಕಾರಣ. ನಿಜ ಹೇಳಬೇಕೆಂದರೆ ಆ ಒಂದೇ ಕೋಣೆಯಲ್ಲಿ ಅವಳ ಎದುರು ತಟ್ಟೆ ಇಟ್ಟುಕೊಂಡು ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಬಂದು ಊಟವಾಯಿತಾ ಎಂದು ಕೇಳುತ್ತಿದ್ದೆ. ಆಯಿತು ಅನ್ನುತ್ತಿದ್ದಳು. ಡಾಕ್ಟರು ಅವಳಿಗೆ ಕೊಟ್ಟ ಕೆಂಪು ಟಾನಿಕ್ಕಿನ ಬಾಟಲಿಯ ಮುಚ್ಚಳ ತೆರೆದಿರಲಿಲ್ಲ. ಅದನ್ನು ದಿನಾ ನೋಡುತ್ತಿದ್ದೆ, ನೋಡಿ ಸುಮ್ಮನಿರುತ್ತಿದ್ದೆ.

ಒಂದು ಬೆಳಿಗ್ಗೆ ನಾನು ಬಾಗಿ ಚಪ್ಪಲಿ ಹಾಕಿಕೊಳ್ಳುವಾಗ ಅವಳು ಹತ್ತಿರ ಬಂದು, "ಬರುವಾಗ ಸೀಮೆಎಣ್ಣೆ ಸಿಕ್ತದಾ ನೋಡಿ" ಅಂದಳು. ಅವಳ ಉಸಿರು ನನ್ನ ಮುಖಕ್ಕೆ ತಾಗಿತು. ಬಾಳೆಹಣ್ಣು ತಿಂದಿದ್ದಾಳೆ ಅಂದುಕೊಂಡೆ. ಏನೋ ತಿಂದಳಲ್ಲ ಎಂದು ಸಮಾಧಾನವೂ ಆಯಿತು. ಡಬ್ಬಿ ಹಿಡಿದು ಹೊರಟೆ.

ಸಾಂತಾಕ್ರೂಜಿನ ತಬೇಲಾದಲ್ಲಿ ಒಂದು ಎಮ್ಮೆ ತಲೆ ಜೋಲು ಹಾಕಿಕೊಂಡು ನಿಂತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಭಯ್ಯಾ, "ದೇಖೋ ಬಾಬೂ, ಕುಛ್ ನಹೀಂ ಖಾತೀ" ಎಂದು ಅದರ ಮೂತಿಯನ್ನು ನನ್ನ ಕಡೆಗೆ ತಿರುಗಿಸಿದ. ಏನೂ ತಿನ್ನುತ್ತಿಲ್ಲವಂತೆ. ಬಾಗಿ ಮೂಸಿದೆ. ಬೆಳಿಗ್ಗೆಯದೇ ವಾಸನೆ. ಮನೆಯಲ್ಲಿ ಬಾಳೆಹಣ್ಣು ಇರಲೇ ಇಲ್ಲ ಎಂಬುದು ಆಗ ಹೊಳೆಯಿತು.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿತ್ತಂತೆ. ಎಷ್ಟು ದಿನದಿಂದ ಅವಳು ಹೀಗೆ ಕರಗುತ್ತಿದ್ದಳೋ. ಹೀಗೇ ಮೇವು ಬಿಟ್ಟ ಎಮ್ಮೆಗಳು ಮಲಗಿದಲ್ಲಿಂದ ಮತ್ತೆ ಏಳದ್ದನ್ನು ನಾನು ಕಂಡಿದ್ದೆ. ಮಗು ಹೋದ ಮೇಲೆ ಮೊದಲ ಸಲ ನನಗೆ ಏನೋ ಅನ್ನಿಸಿತು, ಆದರೆ ಅದು ಬರೀ ಹೆದರಿಕೆ. ಬಾಟಲಿಯನ್ನು ಭಯ್ಯಾನ ಕೈಗಿತ್ತು, ಆಫೀಸಿನ ಕಡೆ ಹೋಗದೆ ಕಾಂದಿವಲಿಯ ಲೋಕಲ್ ಹತ್ತಿದೆ.

ನಡುಮಧ್ಯಾಹ್ನ ನನ್ನನ್ನು ಬಾಗಿಲಲ್ಲಿ ಕಂಡು ಅವಳು, "ಹುಷಾರಿಲ್ವಾ?" ಎಂದು ಕೇಳಿದಳು.

"ಹಸಿವೆ. ಹೋಟೆಲಿನ ಊಟ ಸಾಕಾಯ್ತು" ಅಂದೆ.

ಅವಳು ಏಳಹೊರಟಳು. ಗೋಡೆ ಹಿಡಿದು ಏಳಬೇಕಾಯಿತು. ಕೂರು ಎಂದು, ತಳದಲ್ಲಿ ಉಳಿದಿದ್ದ ಸೀಮೆಎಣ್ಣೆಯಲ್ಲೇ ನಾನೇ ಸ್ಟವ್ ಹೊತ್ತಿಸಿ ಕುಚ್ಚಲಕ್ಕಿ ತೊಳೆದು ಇಟ್ಟೆ. ಗಂಜಿ ಮಾಡಲು ನನಗೆ ಬರುತ್ತಿದ್ದದ್ದು ಅಷ್ಟಕ್ಕಷ್ಟೇ. ಬೆಂದದ್ದನ್ನು ಎರಡು ತಟ್ಟೆಗೆ ಬಡಿಸಿ ಒಂದನ್ನು ಅವಳ ಮುಂದೆ ಇಟ್ಟೆ, ಇನ್ನೊಂದನ್ನು ಹಿಡಿದು ಅವಳ ಪಕ್ಕಕ್ಕೇ ಕುಳಿತೆ. ತಿನ್ನು ಎಂದು ಹೇಳಲಿಲ್ಲ. ನಾನು ತಿನ್ನತೊಡಗಿದೆ. ಕಣ್ಣೆತ್ತದೆ, ಅವಳ ಕೈಯನ್ನೂ ನೋಡದೆ, ಅಗಿಯುವ ಸದ್ದು ಅವಳಿಗೆ ಕೇಳಲಿ ಎಂದು ಅಗಿದೆ.

ಬಹಳ ಹೊತ್ತಿನ ಮೇಲೆ ಅವಳ ತಟ್ಟೆಯ ಸದ್ದಾಯಿತು. ಒಂದು ತುತ್ತು ನುಂಗಿದಳು, ಇನ್ನೊಂದು ಬಾಯಿಗಿಟ್ಟಳು.

"ಉಪ್ಪೇ ಹಾಕ್ಲಿಲ್ಲ ಮಾರಾಯ್ರೆ ನೀವು" ಅಂದಳು.

ಉಪ್ಪು ತರಲು ಎದ್ದೆ. ನಾನು ಅತ್ತ ತಿರುಗಿ ಭರಣಿಗೆ ಕೈ ಹಾಕಿದಾಗ ಹಿಂದಿನಿಂದ ಅವಳ ದನಿ ಬಂತು.

"ಹೆಸರಿಡುವ ತನಕವೂ ಇರ್ಲಿಲ್ಲ ಅವ. ಈಗ ನೆನೆಸ್ಲಿಕ್ಕೆ ಏನಂತ ಕರೆಯುದು?"

ನಾನು ಗೋಡೆಯ ಕಡೆಗೆ ಮುಖ ಮಾಡಿ ನಿಂತಲ್ಲೇ ಅತ್ತುಬಿಟ್ಟೆ. ಅವಳು ತಟ್ಟೆ ಬಿಟ್ಟು ಏಳಲಿಲ್ಲ. ಸಪ್ಪೆ ಗಂಜಿಯನ್ನೇ ತಿನ್ನುತ್ತ, ನಾನು ಅತ್ತು ಮುಗಿಸುವುದನ್ನು ಕಾದಳು.